ಹೊಸ್ತಿಲಿಲ್ಲದ ಬಚ್ಚಲು

ಗುಮಾಸ್ತನ ಅಮ್ಮ ಬಚ್ಚಲ ಹೊಸ್ತಿಲು ಎಡವಿ ಮಂಡಿ ಊದಿಸಿಕೊಂಡಿದ್ದೇ ಎಲ್ಲಕ್ಕೂ ಮೂಲ. ಇನ್ನು ಹೊಸ್ತಿಲೇ ಇರಕೂಡದು, ನೆಲವೆಲ್ಲ ಒಂದೇ ಇಳಿಜಾರಾಗಿ ನೀರು ಹೋಗುವ ಜಾಲರಿಯ ಕಡೆ ವಾಲಬೇಕು ಎಂದು ಅವನು ಹಟ ಹಿಡಿದ. ಕೆಲಸ ನಡೆದ ತಿಂಗಳಿಡೀ ಅಮ್ಮನನ್ನು ಕೈಹಿಡಿದು ಮೆಟ್ಟಿಲಿಳಿಸಿ ಕೆಳಮನೆಯ ನಿವೃತ್ತ ಓವರ್‌ಸಿಯರ್ ಬಚ್ಚಲಿಗೆ ಕರೆದೊಯ್ದ. ಅಲ್ಲಿನ ಹೊಸ್ತಿಲೋ ಇನ್ನೂ ಎತ್ತರ! ಉಳಿದ ಹೊತ್ತು ನೆಲದ ಮಟ್ಟ ನೋಡುವ ರಸಮಟ್ಟ ಹಿಡಿದು ಮೇಸ್ತ್ರಿಯ ಬೆನ್ನು ಬಿಡದಿದ್ದರಿಂದ ಬೀದಿಯವರು ಅವನಿಗೆ ‘ರಸಮಟ್ಟ’ ಎಂದೇ ಹೆಸರಿಟ್ಟರು. ಅವನಿಗೆ ಅದೂ ಬಿರುದಿನಂತೆ ಕೇಳಿಸಿತು.

ಉಳಿದದ್ದು ಕೊನೆಯ ಪರೀಕ್ಷೆ. ಮೇಸ್ತ್ರಿ ಜಾಲರಿಗೆ ಬಿರಡೆ ಹಾಕಿ, ಬಾಗಿಲಿಗೆ ಜೇಡಿಮಣ್ಣಿನ ಒಡ್ಡು ಕಟ್ಟಿ, ಪಾದ ಮುಳುಗುವಷ್ಟು ನೀರು ನಿಲ್ಲಿಸಿ ಗೋಡೆಯ ಮೇಲೆ ಗೆರೆ ಎಳೆದ.

“ನಾಳೆ ಬೆಳಗ್ಗೆವರೆಗೂ ಮುಟ್ಟಬೇಡಿ ಸಾರ್. ಗೆರೆಯಿಂದ ಕೆಳಗಿಳೀತು ಅಂದ್ರೆ ಎಲ್ಲೋ ಸೋರ್ತಿದೆ ಅಂತ. ಟೈಲ್ಸ್ ಒಡೀಲೇಬೇಕು.”

“ಇಳಿಯೋದಾ? ನಾಳೆ ನಮ್ಮಮ್ಮ ಕಾಲೆತ್ತದೆ ಸ್ನಾನಕ್ಕೆ ಹೋಗ್ತಾರೆ, ನೋಡ್ತಿರು!”

ಗೆರೆಯ ಕತೆಯನ್ನು ಅವನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ, ಕಚೇರಿಯಲ್ಲೂ ಹೇಳಿದ. ಸಂಜೆ ಇಬ್ಬರು ಸಹೋದ್ಯೋಗಿಗಳನ್ನು ಬಚ್ಚಲು ತೋರಿಸಲೆಂದೇ ಕರೆತಂದ.

ನೀರು ಗೆರೆಯಿಂದ ಒಂದು ಬೆರಳು ಕೆಳಗಿತ್ತು. ರಸಮಟ್ಟನ ಮುಖವೂ ಇಳಿಯಿತು.

ಸುದ್ದಿ ಕೇಳಿ ಓವರ್‌ಸಿಯರ್ ಓಡಿಬಂದರು. “ನಮ್ಮ ಸೂರಲ್ಲಿ ಕಲೆ ಇದೆ ಕಣಯ್ಯ! ಇವತ್ತೇ ಒಡೆಸು. ಮೂವತ್ತು ವರ್ಷದ ಅನುಭವ ನಂದು.”

“ಮಗಾ, ಆ ನೀರು...” ಎನ್ನುತ್ತ ಅಮ್ಮ ಕುಂಟಿಕೊಂಡು ಬಂದರು.

“ಜಾರುತ್ತೆ ಅಮ್ಮ, ಈ ಕಡೆ ಬರಬೇಡ. ಆಮೇಲೆ ಹೇಳು.”

ಮೇಸ್ತ್ರಿ ಬಂದು ಬಿರಡೆ ಕಿತ್ತ. ನೀರು ನಾಲ್ಕೂ ಮೂಲೆಯಿಂದ ಹೇಳಿ ಮಾಡಿಸಿದಂತೆ ಜಾಲರಿಗೆ ಹರಿದು ಬರಿದಾಯಿತು. ಎಲ್ಲೂ ಒಂದು ಅಂಗೈ ನೀರು ನಿಲ್ಲಲಿಲ್ಲ. ಅಷ್ಟು ಸಂಕಟದಲ್ಲೂ ರಸಮಟ್ಟನ ಎದೆ ಉಬ್ಬಿತು. “ನೋಡಿದ್ರಾ ಇಳಿಜಾರು?” ಎಂದ, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಸುತ್ತಿಗೆ ಬಿತ್ತು.

ಅರ್ಧ ನೆಲ ಒಡೆದರೂ ಟೈಲ್ಸ್ ಅಡಿಯಲ್ಲಿ ಹನಿ ತೇವವಿಲ್ಲ. ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಿರುವಾಗ ಓವರ್‌ಸಿಯರ್ ಹೆಂಡತಿ ಖಾಲಿ ಬಕೆಟ್ ಹಿಡಿದು ಬಂದರು.

“ಅಕ್ಕಾ, ಇನ್ನೊಂದು ಬಕೆಟ್ ತಗೊಳ್ಳಲಾ? ಮೆಟ್ಟಿಲು ತೊಳೆದಾಯ್ತು, ಹೂಕುಂಡ ಉಳಿದಿವೆ.”

ಎಲ್ಲರೂ ಅಮ್ಮನ ಕಡೆ ತಿರುಗಿದರು.

“ಹೂಂ ಕಣಪ್ಪ, ಮಧ್ಯಾಹ್ನ ಇಲ್ಲಿ ನಿಂತಿದ್ದ ನೀರಲ್ಲಿ ನಾಲ್ಕು ಬಕೆಟ್ ನಾನೇ ಕೊಟ್ಟೆ. ನನ್ನ ಮಗ ಕಟ್ಟಿಸಿದ ಬಚ್ಚಲು ನೋಡು ಬಾ ಅಂತ ಇವಳನ್ನ ಕರೆದಿದ್ದೆ. ಅಷ್ಟು ನೀರು ಯಾಕೆ ದಂಡ ಮಾಡೋದು? ಗೆರೆಗಿರೆ ಅಂತೆಲ್ಲ ನಂಗ್ಯಾರು ಹೇಳಿದ್ರು? ಆಗಿನಿಂದ ಅದನ್ನೇ ಹೇಳೋಕೆ ಬರ್ತಿದ್ದೀನಿ, ನೀನು ಬಿಟ್ರೆ ತಾನೆ?”

“ಸೂರಿನ ಕಲೆ ಹಳೇದಿರಬೇಕು” ಎನ್ನುತ್ತ ಓವರ್‌ಸಿಯರ್ ಮೆಟ್ಟಿಲಿಳಿದರು.

ಮರುದಿನ ರಸಮಟ್ಟ ಮತ್ತೆ ಅಮ್ಮನ ಕೈಹಿಡಿದು ಕೆಳಮನೆಯ ಎತ್ತರದ ಹೊಸ್ತಿಲು ದಾಟಿಸುತ್ತಿದ್ದ.

“ಯಾಕಜ್ಜಿ, ಹೊಸ ಬಚ್ಚಲು ಏನಾಯ್ತು?” ಎಂದು ಹಾಲಿನವನು ಕೇಳಿದ.

ಅಮ್ಮ ತಲೆಯೆತ್ತಿ ನಿಂತರು. “ಊರ ಮಕ್ಕಳೆಲ್ಲ ತಾಯಿಗೆ ಒಂದು ಸಲ ಬಚ್ಚಲು ಕಟ್ಟಿಸ್ತಾರೆ ಕಣಪ್ಪ. ನನ್ನ ಮಗ ಎರಡು ಸಲ ಕಟ್ಟಿಸ್ತಿದ್ದಾನೆ!”