ಎದುರಾಳಿ ತಂಡದ ಜಾತಕ ಬರೆಯಲು ಹೋದದ್ದು

ಆ ವರ್ಷ ಮೇ ತಿಂಗಳಲ್ಲಿ ನಮ್ಮ ಯೂನಿವರ್ಸಿಟಿಯ ಫುಟ್‌ಬಾಲ್ ತಂಡ ಪಕ್ಕದೂರಿನ ಕಾಲೇಜಿನ ಎದುರು ನಾಲ್ಕು-ಒಂದರಲ್ಲಿ ಮಣ್ಣು ಮುಕ್ಕಿತು. ಅಂದೇ ನಾನು ಶಪಥ ಮಾಡಿದೆ: ಮುಂದಿನ ಸೀಸನ್ನಿಗೆ ಆ ತಂಡದ ಜಾತಕವನ್ನೇ ಬರೆದು ನಮ್ಮ ಹುಡುಗರ ಕೈಗಿಡುತ್ತೇನೆ!

ನಾನೇನು ಆಟಗಾರನಲ್ಲ. ಒದೆಯಲು ಹೋದಾಗಲೆಲ್ಲ ನನ್ನ ಶೂ ಹಾರಿದೆಯೇ ಹೊರತು ಚೆಂಡು ಹಾರಿಲ್ಲ. ಆದರೆ ಆಮ್ಸ್ಟರ್‌ಡ್ಯಾಮಿನಲ್ಲಿ ಅಂಕಿಅಂಶಗಳ ಮೇಲೆ ಪಿಎಚ್‌ಡಿ ಮಾಡುವವನಿಗೆ ಕಾಲು ಯಾಕೆ? ತಲೆ ಸಾಲದೆ?

ಆಮ್ಸ್ಟರ್‌ಡ್ಯಾಮಿನ ಪಕ್ಕದ ಹೂಫ್‌ಡಾರ್ಪ್ ಊರಿನ ನಮ್ಮ ಮನೆಯಲ್ಲಿ ಹೆಂಡತಿ ಮೈಥಿಲಿಗೆ ಯೋಜನೆ ವಿವರಿಸಿದೆ.

"ಅವರ ಪ್ರಾಕ್ಟೀಸ್ ಕದ್ದು ನೋಡೋಕೆ ಹೋಗ್ತೀರಾ? ರೀ, ಗೇಟ್ ತೆಗೆದೇ ಇರುತ್ತೆ. ಒಳಗೆ ಹೋಗಿ ಬೆಂಚ್ ಮೇಲೆ ಕೂತು ನೋಡಿ."

"ಗೂಢಚಾರ ಬೆಂಚ್ ಮೇಲೆ ಕೂರಲ್ಲ ಮೈಥಿಲಿ!"

"ಮತ್ತೆಲ್ಲಿ ಕೂರ್ತಾನೆ?"

"ಪೊದೆ ಹಿಂದೆ!"

"ಕೂತ್ಕೊಳ್ಳಿ. ಹೊಸ ಪ್ಯಾಂಟ್ ಮಾತ್ರ ಬೇಡ."

ಹೊಸ ಪ್ಯಾಂಟನ್ನೇ ಹಾಕಿಕೊಂಡು ಸೈಕಲ್ ಏರಿದೆ. ಜೂನ್ ತಿಂಗಳ ಶನಿವಾರ. ಮೈದಾನದ ಪಕ್ಕದ ಪೊದೆಯಲ್ಲಿ ಎರಡು ಗಂಟೆ ಕುಕ್ಕರುಗಾಲಲ್ಲಿ ಕೂತು, ದುರ್ಬೀನು ಹಿಡಿದು, ಒಬ್ಬೊಬ್ಬ ಆಟಗಾರನ ಮರ್ಯಾದೆಯನ್ನೂ ನೋಟ್‌ಬುಕ್ಕಿನಲ್ಲಿ ತೆಗೆದೆ. ಎಲ್ಲವೂ ಕನ್ನಡದಲ್ಲಿ! ಶತ್ರುವಿನ ಕೈಗೆ ಸಿಕ್ಕರೂ ಏನು ಓದಿಯಾನು?

ಅಷ್ಟರಲ್ಲಿ ಫ್ರೀ ಕಿಕ್ ಅಭ್ಯಾಸ ಶುರುವಾಯಿತು. ಇನ್ನೂ ಹತ್ತಿರದಿಂದ ನೋಡುವ ಆಸೆ. ಎದುರಿಗೆ ಯಾರೋ ಈಗಷ್ಟೇ ಕತ್ತರಿಸಿದಂಥ ಹಸಿರು ಹುಲ್ಲಿನ ಪಟ್ಟಿ. ಗತ್ತಿನಿಂದ ಕಾಲಿಟ್ಟೆ.

ಅದು ಹುಲ್ಲಾಗಿರಲಿಲ್ಲ! ಹಸಿರು ಪಾಚಿ ಹೊದ್ದು ಮಲಗಿದ್ದ ಕಾಲುವೆ!

ಡಚ್ ಮರೆತುಹೋಯಿತು, ಇಂಗ್ಲಿಷ್ ಮರೆತುಹೋಯಿತು. "ಅಯ್ಯಯ್ಯೋ, ಸತ್ತೆ! ಯಾರಾದ್ರೂ ಬನ್ರಪ್ಪೋ!" ಎಂದು ಶುದ್ಧ ಮೈಸೂರು ಕನ್ನಡದಲ್ಲಿ ಕಿರುಚಿದೆ. ನೀರು ಸೊಂಟದವರೆಗೆ ಮಾತ್ರ ಇತ್ತೆಂದು ಆಮೇಲೆ ತಿಳಿಯಿತು. ನಾನು ಮಲಗಿಕೊಂಡು ಮುಳುಗುತ್ತಿದ್ದೆ.

ತಂಡಕ್ಕೆ ತಂಡವೇ ಓಡಿ ಬಂತು. ತೆಂಗಿನ ಮರದಂಥ ಗೋಲ್‌ಕೀಪರ್ ಯೋಸ್ಟ್ ಬಗ್ಗಿ, ಒಂದೇ ಕೈಯಲ್ಲಿ ನನ್ನ ಕಾಲರ್ ಹಿಡಿದು ಬಾವಿಯಿಂದ ಕೊಡ ಎತ್ತಿದಂತೆ ಎತ್ತಿದ. ಅವನ ಹಿಂದೆಯೇ ಫಸ್ಟ್ ಏಡ್ ಪೆಟ್ಟಿಗೆ ಹಿಡಿದು ಒಬ್ಬ ಹುಡುಗಿ ಬಂದಳು.

"ಕನ್ನಡದಾಗ ಚೀರಿದ್ದು ನೀವೇನ್ರೀ ಸರ್? ನಾ ಮಾನಸ, ಧಾರವಾಡದಾಕಿ. ಇದೇ ಕಾಲೇಜಿನ್ಯಾಗ ಓದಾಕತ್ತೀನಿ!"

ಶತ್ರು ಪಾಳಯದಲ್ಲಿ ಕನ್ನಡ ಓದುವವಳು! ನನ್ನ ನೋಟ್‌ಬುಕ್ಕೋ ಒಂದು ಹನಿಯೂ ತಾಗದೆ ದಡದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಮಾನಸ ಅದನ್ನು ಎತ್ತಿಕೊಂಡಳು.

"ಅಯ್ಯ, ಕನ್ನಡ! ಎಷ್ಟ್ ದಿನಾ ಆಗಿತ್ರೀ ಕನ್ನಡ ಅಕ್ಷರ ನೋಡಿ!"

"ಅದು... ಸಾರಿನ ಪುಡಿ ಲೆಕ್ಕ ಕಣಮ್ಮ, ಕೊಡು."

"ಸಾರಿನ ಪುಡಿಗೆ ಗೋಲ್‌ಕೀಪರ್ ಯಾಕ್ರೀ?"

ಏನಂತೆ ಏನಂತೆ ಎಂದು ಹನ್ನೊಂದು ಮಂದಿಯೂ ಸುತ್ತುವರಿದರು. ಆಕೆ ಸಂಭ್ರಮದಿಂದ ಓದಿ ಓದಿ ಇಂಗ್ಲಿಷಿಗೆ ತಿರುಗಿಸತೊಡಗಿದಳು. ಬ್ಯಾಕ್ ಆಡುವವನಿಗೆ ತಿರುಗಲು ಲಾರಿಯಷ್ಟು ಜಾಗ ಬೇಕು. ಸೆಂಟರ್ ಫಾರ್ವರ್ಡಿಗೆ ಗೋಲಿಗಿಂತ ಕ್ರಾಪಿನ ಚಿಂತೆ. ಕೋಚ್ ಕೂಗುತ್ತಾನೆ, ಯಾರೂ ಕೇಳುವುದಿಲ್ಲ. ಗೋಲ್‌ಕೀಪರ್ ಜನ್ಮದಲ್ಲಿ ಬಗ್ಗುವವನಲ್ಲ!

"ಈಗ ತಾನೇ ಬಗ್ಗಿದೆನಲ್ಲ!" ಎಂದ ಯೋಸ್ಟ್, ನೊಂದ ದನಿಯಲ್ಲಿ.

"ಕೊನೀ ಸಾಲು ಐತ್ರಿ," ಎಂದಳು ಮಾನಸ. "ಮುಂದಿನ ಸೀಸನ್ ಭವಿಷ್ಯ: ಮುಳುಗುವುದು ಖಚಿತ."

ಎಲ್ಲರೂ ನನ್ನನ್ನೇ ನೋಡಿದರು. ನನ್ನ ಕಿವಿಯಿಂದ ಪಾಚಿ ತೊಟ್ಟಿಕ್ಕುತ್ತಿತ್ತು.

ಒದೆ ಬೀಳುತ್ತದೆಂದು ಕಣ್ಣು ಮುಚ್ಚಿದೆ. ಕೋಚ್ ನನ್ನ ಕೈ ಕುಲುಕಿದರು! "ಮೂರು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ, ಕೇಳುವವರಿಲ್ಲ! ಬನ್ನಿ, ಕಾಫಿ ಕುಡಿಯುತ್ತ ಉಳಿದದ್ದನ್ನೂ ಹೇಳಿ." ಒಣಬಟ್ಟೆ ಕೊಟ್ಟರು, ಚೀಸ್ ಬ್ರೆಡ್ ಕೊಟ್ಟರು. ಉಪ್ಪು ತಿಂದ ಮನೆ! ಒಂದು ಗಂಟೆ ಬಾಯಿಬಿಟ್ಟು ಎಲ್ಲವನ್ನೂ ಹೇಳಿದೆ. ಒಳ್ಳೆಯ ಶ್ರೋತೃಗಳು ಸಿಕ್ಕಿದರೆ ನನಗೆ ಹಿಡಿತವಿರುವುದಿಲ್ಲ.

ಅವರ ಕೆಂಪು ಜೆರ್ಸಿಯಲ್ಲಿ ಮನೆಗೆ ಬಂದವನನ್ನು ಮೈಥಿಲಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪಾರ್ಟಿ ಬದಲಾಯಿಸಿದ್ರಾ?"

"ಕಾಲುವೆಗೆ ಬಿದ್ದೆ."

"ಪ್ಯಾಂಟ್?"

ಒದ್ದೆ ಪ್ಯಾಂಟಿನ ಗಂಟನ್ನು ಬೆನ್ನ ಹಿಂದೆ ಮುಚ್ಚಿಟ್ಟೆ.

ಆದರೂ ಶಪಥ ಬಿಡಲಿಲ್ಲ. ಒಂದು ವಾರ ಕೂತು ಹದಿನಾಲ್ಕು ಪುಟದ ವರದಿ ಬರೆದು, ನಮ್ಮ ಕ್ಯಾಪ್ಟನ್ ತನ್ಮಯ್‌ಗೆ ಕಳಿಸಿದೆ. "ಸೂಪರ್ ಗುರು, ಓದ್ತೀನಿ!" ಎಂದ. ಪಂದ್ಯ ನಡೆದದ್ದು ಅಕ್ಟೋಬರಿನಲ್ಲಿ. ಎದುರಾಳಿ ಬ್ಯಾಕ್ ಬುಗುರಿಯಂತೆ ತಿರುಗಿದ. ಸೆಂಟರ್ ಫಾರ್ವರ್ಡ್ ತಲೆ ಬೋಳಿಸಿಕೊಂಡು ಬಂದು ಮೂರು ಗೋಲು ಹೊಡೆದ. ಯೋಸ್ಟ್ ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ಬಂದ ಚೆಂಡನ್ನೆಲ್ಲ ಹಿಡಿದ. ಆರು-ಸೊನ್ನೆ! "ವರದಿ ಓದಿದ್ಯೇನೋ?" ಎಂದರೆ ತನ್ಮಯ್ ತಲೆ ಕೆರೆದುಕೊಂಡ. "ಗುರು, ಅಟ್ಯಾಚ್‌ಮೆಂಟ್ ಓಪನ್ ಮಾಡೋಕೆ ಟೈಮ್ ಆಗ್ಲಿಲ್ಲ..."

ಮರುದಿನ ಬೆಳಿಗ್ಗೆ ಬಾಗಿಲ ಗಂಟೆ ಮೊಳಗಿತು. ಮಾನಸ ಮತ್ತು ಯೋಸ್ಟ್! ಕೈಯಲ್ಲಿ ತಟ್ಟೆಯಗಲದ ಸೇಬಿನ ಕೇಕು. ಮೇಲೊಂದು ಚೀಟಿ: "ನಮ್ಮ ಅತ್ಯುತ್ತಮ ಕೋಚ್‌ಗೆ, ಇಡೀ ತಂಡದ ಕೃತಜ್ಞತೆಗಳು."

ಅವರು ಹೋದ ಮೇಲೆ ಮೈಥಿಲಿ ಕೇಕು ಕತ್ತರಿಸಿ ದೊಡ್ಡ ತುಂಡನ್ನು ನನ್ನ ಮುಂದಿಟ್ಟಳು.

"ಬೇಜಾರು ಮಾಡ್ಕೋಬೇಡಿ, ತಿನ್ನಿ. ನಿಮ್ಮ ಬರವಣಿಗೆಗೆ ಇಷ್ಟು ಒಳ್ಳೆ ಓದುಗರು ಸಿಕ್ಕಿದ್ದು ಇದೇ ಮೊದಲು!"