ವೂರ್‌ಬರ್ಗಿನ ಯಾಮೆನ್

ನಮ್ಮ ಭಾವನವರು ಒಂದು ವರ್ಷ ಚೀನಾ ಚಕ್ರವರ್ತಿಯ ಜಿಲ್ಲಾಧಿಕಾರಿಯಾಗಿದ್ದರು ಎಂದರೆ ನೀವು ನಗುತ್ತೀರಿ. ನಗಿ, ಬೇಡವೆಂದವರಾರು? ಅವರ ಜಿಲ್ಲೆ ಹಾಲೆಂಡಿನ ವೂರ್‌ಬರ್ಗ್ ಊರಿನ ಒಂದು ಮೂರನೇ ಮಹಡಿಯ ಮನೆಯಲ್ಲಿತ್ತು, ಪ್ರಜೆ ನಾನೊಬ್ಬನೇ!

ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋದ ಅಕ್ಕ, ಕೊರೊನಾ ಬಂದು ವಿಮಾನಗಳು ನಿಂತು ಅಲ್ಲೇ ಉಳಿದಳು. ನಾನು ಅಡುಗೆ ಮಾಡುತ್ತಿದ್ದ ರಾಟರ್‌ಡ್ಯಾಮಿನ ಹೋಟೆಲೂ ಬಾಗಿಲು ಹಾಕಿತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಾಗಿನಿಂದ ಕೈಕಟ್ಟಿ ಕೂತವನಲ್ಲ ನಾನು. ಭಾವನ ಮನೆಗೆ ಬಂದು ಒಲೆ ಹಚ್ಚಿದೆ.

ಆಫೀಸು ಕೆಲಸವೆಲ್ಲ ಮನೆಯಿಂದಲೇ ಆದಮೇಲೆ ಭಾವನಿಗೆ ಯಾಮೆನ್ ಹುಚ್ಚು ಹಿಡಿಯಿತು. ಅರಸರ ಕಾಲದ ಚೀನಾದಲ್ಲಿ ಸರ್ಕಾರಿ ಕಚೇರಿಗೆ ಹಾಗೆನ್ನುತ್ತಿದ್ದರಂತೆ. ಮುಂದೆ ಕಚೇರಿ, ಹಿಂದೆ ಅಧಿಕಾರಿಯ ಸಂಸಾರ, ನಡುವೆ ಒಂದು ಬಾಗಿಲು.

“ನಮ್ಮನೇನೂ ಹಂಗೇ ಅಲ್ವೇನೋ?” ಎಂದರು. ಹಜಾರ ಕಚೇರಿಯಾಯಿತು, ಅಡುಗೆಮನೆ, ಮಲಗುವ ಕೋಣೆ ಒಳಮನೆಯಾದವು. ಫಿರ್ಯಾದು ತಂದವರು ಹೊರಗಿನ ನಗಾರಿ ಬಡಿಯಬೇಕಿತ್ತಂತೆ. ನನ್ನ ಕೈಗೆ ಇಡ್ಲಿ ಪಾತ್ರೆಯ ಮುಚ್ಚಳ, ಸೌಟು ಕೊಟ್ಟರು.

ಬಡಿದೆ.

“ಏನು ನಿನ್ನ ಅಹವಾಲು?”

“ಕಾಫಿ ಆರ್ತಿದೆ, ಭಾವ.”

“ಮಂಡಿಯೂರಿ ಹೇಳ್ಬೇಕು.”

“ಮಂಡಿ ನೋವು. ಕುಡೀತೀರೋ, ನಾನೇ ಕುಡೀಲೋ?”

ಜಿಲ್ಲಾಧಿಕಾರಿಗಳು ತಕ್ಷಣ ಕೈ ಚಾಚಿದರು.

ಒಮ್ಮೆ ಅವರು ಮೀಟಿಂಗಿನಲ್ಲಿದ್ದಾಗ ಬಡಿದೆ. ಅತ್ತಲಿನ ಡಚ್ ಮ್ಯಾನೇಜರ್ ಬೆಂಕಿಯ ಅಲಾರಮ್ ಎಂದು ತಿಳಿದು, ಎಲ್ಲ ಬಿಟ್ಟು ಮೊದಲು ಕೆಳಗೆ ಓಡು ಎಂದನಂತೆ. ಭಾವ ಪಾಪ, ನಿಜ ಹೇಳಲಾಗದೆ ಚಳಿಯಲ್ಲಿ ಅರ್ಧ ಗಂಟೆ ಬೀದಿಯಲ್ಲಿ ನಿಂತಿದ್ದರು!

ಅಧಿಕಾರಿಯನ್ನು ಅವನ ಸ್ವಂತ ಸೀಮೆಗೆ ಹಾಕುತ್ತಲೇ ಇರಲಿಲ್ಲವಂತೆ. “ನೆಂಟರ ಕಾಟ ಇರಬಾರದು ಅಂತ,” ಎಂದು ನನ್ನನ್ನೇ ನೋಡಿದರು.

“ಚಪಾತಿ ಲಟ್ಟಿಸೋ ನೆಂಟ?”

“ಅವನಿಗೆ ವಿನಾಯ್ತಿ ಕಣೋ.”

ಇಷ್ಟೆಲ್ಲ ಪಾಲಿಸಿದ ಮನುಷ್ಯ ಒಂದು ನಿಯಮ ಮಾತ್ರ ಪಾಲಿಸಲಿಲ್ಲ. ಸಂಜೆಗೆ ಕಚೇರಿ ಮುಚ್ಚಿ ಅಧಿಕಾರಿ ಒಳಗೆ ಹೋಗಬೇಕು. ಇವರು ಹೋಗುತ್ತಿರಲಿಲ್ಲ. ಕೆಲಸ ಮುಗಿದರೂ ಲ್ಯಾಪ್‌ಟಾಪಿನ ಮುಂದೆಯೇ ಇದ್ದು, ಅಲ್ಲೇ ಸೋಫಾದ ಮೇಲೆ ಮಲಗಿಬಿಡುತ್ತಿದ್ದರು.

ಅಕ್ಕನ ಟಿಕೆಟು ಮತ್ತೊಮ್ಮೆ ರದ್ದಾದ ಸಂಜೆ ತಡೆಯಲಾಗಲಿಲ್ಲ. “ಕೆಲಸ ಮುಗೀತಲ್ಲ ಭಾವ, ಒಳಗೆ ಬನ್ನಿ.”

“ಬಂದು? ಒಳಗೆ ಯಾರಿದಾರೋ?”

ಅಷ್ಟರಲ್ಲಿ ಅಕ್ಕನ ವಿಡಿಯೊ ಕಾಲ್ ಬಂತು. ಭಾವ ಲ್ಯಾಪ್‌ಟಾಪ್ ಮುಚ್ಚಿ, ತಲೆ ಸವರಿಕೊಂಡು ಫೋನೆತ್ತಿದರು.

“ಇನ್ನೂ ಆಫೀಸಲ್ಲೇ ಇದೀರಾ? ಇವತ್ತಾದ್ರೂ ರೂಮಲ್ಲಿ ಮಲ್ಕೊಳ್ರೀ.”

“ಇಗೋ, ಒಳಗೇ ಹೋಗ್ತಿದ್ದೆ,” ಎಂದರು ಭಾವ, ಕೂತಲ್ಲಿಂದ ಕದಲದೆ.

ಫೋನಿಟ್ಟು, ಲ್ಯಾಪ್‌ಟಾಪ್ ಮತ್ತೆ ತೆರೆದರು. ನಾನು ಇಬ್ಬರ ತಟ್ಟೆಗಳನ್ನೂ ಹಜಾರಕ್ಕೇ ತಂದು, ಅವರ ಎದುರಿಗೆ ಕೂತೆ.