ಒಬ್ಬರೇ ಇರಬೇಕು ಸರ್

ಕಾಲೇಜು ಕಚೇರಿಯ ಸೂಪರಿಂಟೆಂಡೆಂಟ್ ಕೊಟ್ಟೂರೇಶ್ ಆ ದಿನ ರಜೆ ಹಾಕಿದ್ದು ಶ್ರೀಮಂತನಾಗುವುದಕ್ಕೆ. ರಜಾ ಅರ್ಜಿಯಲ್ಲಿ ಮಾತ್ರ ಹೊಟ್ಟೆನೋವು ಎಂದು ಬರೆದಿದ್ದ.

ಹೊಟ್ಟೆನೋವು ಪೂರ್ತಿ ಸುಳ್ಳೂ ಅಲ್ಲ. ಅವನ ಕೈಕೆಳಗಿನ ಗುಮಾಸ್ತರೆಲ್ಲ ಮೊಬೈಲಿನಲ್ಲೇ ಷೇರು ಕೊಂಡು, ಮೊಬೈಲಿನಲ್ಲೇ ಮಾರಿ, ಊಟದ ಹೊತ್ತಿನಲ್ಲಿ ಲಾಭದ ಮಾತಾಡುತ್ತಿದ್ದರು. ನಲವತ್ತೆಂಟರ ಕೊಟ್ಟೂರೇಶ್‌ಗೆ ಗೊತ್ತಿದ್ದದ್ದು ಬ್ಯಾಂಕಿನ ಎಫ್.ಡಿ. ಒಂದೇ. ಈಗ ಒಂದು ಪಂಪ್‌ಸೆಟ್ ಕಂಪನಿ ಹೊಸದಾಗಿ ಷೇರು ಬಿಟ್ಟಿತ್ತು. ಸಿಕ್ಕರೆ ವಾರದಲ್ಲಿ ದುಡ್ಡು ದುಪ್ಪಟ್ಟು ಎಂದು ಎಲ್ಲರೂ ಹೇಳುತ್ತಿದ್ದರು. ಅರ್ಜಿಗೆ ಇವತ್ತು ಸಂಜೆ ಐದೇ ಕೊನೆ. ಅದಕ್ಕೆ ಮೊದಲು ಆ್ಯಪ್‌ನಲ್ಲಿ ಖಾತೆ ತೆರೆಯಬೇಕು. ಖಾತೆ ತೆರೆಯಬೇಕಾದರೆ ವಿಡಿಯೋ ಕರೆಯಲ್ಲಿ ಮುಖ ತೋರಿಸಬೇಕು. ಹಿಂದೆ ಬಿಳಿ ಗೋಡೆ ಇರಬೇಕು, ಪಕ್ಕದಲ್ಲಿ ಯಾರೂ ಇರಬಾರದು.

ಹೆಂಡತಿ ರೂಪಶ್ರೀ ಪಾಠ ಹೇಳಲು ಶಾಲೆಗೆ ಹೋದದ್ದೇ ತಡ, ಕೊಟ್ಟೂರೇಶ್ ಇಸ್ತ್ರಿ ಅಂಗಿ ತೊಟ್ಟು ಕೋಣೆ ಸೇರಿದ. ತೆರೆಯ ಮೇಲೆ ಪೂಜಾ ಎಂಬ ಹುಡುಗಿ ಬಂದಳು. ಪ್ಯಾನ್ ಕಾರ್ಡನ್ನು ಕೆನ್ನೆಯ ಪಕ್ಕ ಹಿಡಿಯಲು ಹೇಳಿದಳು. ಹಿಡಿದ. ಅಷ್ಟರಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಅವ್ವ ಬಸವಣ್ಣೆಮ್ಮ ಒಳಗೆ ಬಂದರು. ಮಗ ಬಾಗಿಲು ಮುಚ್ಚಿಕೊಂಡು ಹುಡುಗಿಯೊಬ್ಬಳಿಗೆ ಫೋಟೋ ತೋರಿಸುತ್ತಿರುವುದನ್ನು ಕಂಡು ಮೊದಲು ಗಾಬರಿಯಾದರು. ಆಮೇಲೆ ಹುಡುಗಿಯ ಮುಖ ಹಿಡಿಸಿತು. ಪಕ್ಕದಲ್ಲೇ ಕೂತರು.

"ಯಾರ ಮಗಳವ್ವ ನೀನು? ಮದುವಿ ಆಗೈತೇನು?"

"ಸರ್, ಒಬ್ಬರೇ ಇರಬೇಕು" ಎಂದು ಪೂಜಾ ಕರೆ ಮುಗಿಸಿದಳು.

ಎರಡನೇ ಸಲ ತಾರಸಿಗೆ ಹೋದ. ನೀರಿನ ಟ್ಯಾಂಕಿನ ಗೋಡೆ ಬೆಳ್ಳಗಿತ್ತು. ಕರೆಯ ಸಾಲಿನಲ್ಲಿ ಅರ್ಧ ಗಂಟೆ ಕಾದ ಮೇಲೆ ಮತ್ತೆ ಅದೇ ಪೂಜಾ. ಈ ಸಲ ಕಣ್ಣು ಮಿಟುಕಿಸಿ, ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಎಂದಳು. ಕೊಟ್ಟೂರೇಶ್ ಜಾತ್ರೆಯ ಗೊಂಬೆಯ ಹಾಗೆ ಕತ್ತು ತಿರುಗಿಸತೊಡಗಿದ. ಪಕ್ಕದ ತಾರಸಿಯಲ್ಲಿ ಸಂಡಿಗೆ ಒಣಹಾಕಿ ಕಾಗೆ ಕಾಯುತ್ತಿದ್ದ ನಿವೃತ್ತ ಪೋಸ್ಟ್ ಮಾಸ್ತರ್ ವಾಮದೇವಪ್ಪನವರಿಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ನಡುವಿನ ಮೋಟುಗೋಡೆ ದಾಟಿ ಬಂದರು.

"ಕುತ್ತಿಗಿ ಹಿಡ್ಕಂಡೈತೇನ್ರಿ? ಅಳ್ಳಾಡಬ್ಯಾಡ್ರಿ, ಒಂದೇ ಸಲಕ್ಕ ಬಿಡಿಸ್ತೀನಿ" ಎಂದವರೇ ಹಿಂದಿನಿಂದ ಎರಡೂ ಕೈಯಲ್ಲಿ ಅವನ ತಲೆ ಹಿಡಿದರು.

ತೆರೆಯ ಮೇಲೆ ಪೂಜಾಳ ಮುಖ ಬಿಳಿಚಿಕೊಂಡಿತು. "ಸರ್, ನೀವು ಯಾರದಾದ್ರೂ ಒತ್ತಾಯಕ್ಕೆ ಖಾತೆ ತೆರೀತಿದೀರಾ?"

ಕತ್ತು ಲಟಕ್ಕೆಂದಿತು, ಕರೆಯೂ ಕಡಿಯಿತು. ವಾಮದೇವಪ್ಪನವರು ಯಾವ ಕಂಪನಿ, ಎಷ್ಟು ದರ, ಎಷ್ಟು ಗಂಟೆಯ ತನಕ ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡೇ ಕೆಳಗಿಳಿದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಸರಸ್ವತಿ ನಗರದ ಆ ಸಾಲಿನ ಮನೆಗಳಿಗೆಲ್ಲ ಸುದ್ದಿ ಮುಟ್ಟಿತು. ಒಬ್ಬರಾದ ಮೇಲೆ ಒಬ್ಬರು ಬಂದು ಗೇಟು ತಟ್ಟಿ, ಕೊಟ್ಟೂರೇಶ್ ಷೇರಿಗೆ ಇಳಿದದ್ದು ನಿಜವೇ ಎಂದು ವಿಚಾರಿಸಿದರು.

ಒಬ್ಬನೇ ಇರಬೇಕೆಂದರೆ ಊರು ಬಿಡಬೇಕು ಎಂದುಕೊಂಡು ಅವನು ಸ್ಕೂಟರ್ ಹತ್ತಿ ಹರಿಹರಕ್ಕೆ ಹೊರಟ. ಹೊಳೆಯ ದಾರಿಯಲ್ಲಿ ಬೀಗ ಹಾಕಿದ ಒಂದು ಗೋದಾಮು ಸಿಕ್ಕಿತು. ಅದರ ಗೋಡೆ ಹಾಲಿನಷ್ಟು ಬಿಳುಪು, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಕೊಟ್ಟೂರೇಶ್ ಆರಾಮಾಗಿ ಗೋಡೆಗೆ ತಲೆ ಒರಗಿಸಿ ಕರೆಗೆ ಕಾದ. ನಾಲ್ಕು ಗಂಟೆಗೆ ಪೂಜಾ ಬಂದಳು, ಅವನನ್ನು ಬಹಳ ಹೊತ್ತು ನೋಡಿದಳು.

"ಸರ್, ಮುಖ ಹೊಂದ್ತಿಲ್ಲ ಅಂತ ಸಿಸ್ಟಮ್ ಹೇಳ್ತಿದೆ. ಬೆಳಿಗ್ಗೆ ನಿಮ್ಮ ಕೂದಲು ಕಪ್ಪಗಿತ್ತು."

ಕೊಟ್ಟೂರೇಶ್ ತಲೆ ಮುಟ್ಟಿ ನೋಡಿಕೊಂಡ. ಕೈಗೆಲ್ಲ ಹಸಿ ಸುಣ್ಣ. ಗೋಡೆಯ ಮೂಲೆಯಿಂದ ಬಕೆಟ್ಟು, ಕುಂಚ ಹಿಡಿದು ಸುಣ್ಣ ಬಳಿಯುವ ಹಯಾತ್ ಸಾಬ್ ಬಂದು, ಈಗತಾನೆ ಬಳಿದು ಚಹಾಕ್ಕೆ ಹೋಗಿದ್ದೆ, ಗೋಡೆಯ ತುಂಬ ನಿಮ್ಮ ತಲೆಯ ಗುರುತು ಬಿದ್ದಿದೆ ಎಂದು ಬೇಸರಪಟ್ಟರು. ಆದರೆ ಇವನ ಅವಸ್ಥೆ ನೋಡಿ ಕೋಪ ಇಳಿಯಿತು. ಬಗ್ಗಿಸಿ ನಿಲ್ಲಿಸಿ, ಮಗುವಿಗೆ ಎರೆಯುವ ಹಾಗೆ ತಲೆಗೆ ನೀರು ಸುರಿದು, ತಮ್ಮ ಟವೆಲ್ಲಿನಿಂದಲೇ ಒರೆಸಿದರು. ನಿಯಮ ಕೇಳಿದ ಮೇಲೆ, ಯಾರೂ ಬರದಂತೆ ದಾರಿಯ ಆ ತುದಿಗೆ ಹೋಗಿ ಕಾವಲು ಕೂತರು. ನಾಲ್ಕೂ ನಲವತ್ತಕ್ಕೆ ಮತ್ತೆ ಕರೆಗೆ ಬಂದ ಪೂಜಾ ಮೊದಲ ಸಲ ನಕ್ಕಳು.

"ಆಯ್ತು ಸರ್, ಮುಖ ಒಪ್ಪಿಗೆ ಆಗಿದೆ. ಖಾತೆ ಇಪ್ಪತ್ನಾಲ್ಕು ಗಂಟೆಯೊಳಗೆ ಚಾಲೂ ಆಗುತ್ತೆ."

ಉಳಿದದ್ದು ಇಪ್ಪತ್ತು ನಿಮಿಷ. ಕೊಟ್ಟೂರೇಶ್‌ಗೆ ಅಳು ಬರಬೇಕಿತ್ತು, ನಗು ಬಂತು. ಮೂರು ಗೋಡೆ, ಒಂದು ಕತ್ತು, ಒಂದು ರಜೆ ಕಳೆದು ಅವನು ಸಂಪಾದಿಸಿದ್ದು ತನ್ನ ಮುಖ ತನ್ನದೇ ಎಂಬ ಸರ್ಟಿಫಿಕೇಟು.

ಮನೆ ಮುಟ್ಟುವಾಗ ವಾಮದೇವಪ್ಪನವರು ಗೇಟಿನಲ್ಲೇ ನಿಂತಿದ್ದರು. "ಆತೇನ್ರಿ?" ಎಂದರು.

"ಆತ್ರಿ" ಎಂದ ಕೊಟ್ಟೂರೇಶ್. ಅವನು ಹೇಳಿದ್ದು ಮುಖದ ವಿಷಯ. ಷೇರಿನ ವಿಷಯವೆಂದುಕೊಂಡ ವಾಮದೇವಪ್ಪನವರು, ನೀವು ಧೈರ್ಯವಂತರು ಬಿಡ್ರಿ ಎಂದು ಬೆನ್ನು ತಟ್ಟಿದರು. ಆ ಮಾತನ್ನು ಯಾರೂ ಅವನಿಗೆ ಇದುವರೆಗೆ ಹೇಳಿರಲಿಲ್ಲ. ಹಾಗಾಗಿ ತಿದ್ದಲಿಲ್ಲ.

ಮುಂದಿನ ವಾರ ಪಂಪ್‌ಸೆಟ್ ಷೇರು ನಿಜಕ್ಕೂ ದುಪ್ಪಟ್ಟಾಯಿತು. ಸಾಲಿನವರೆಲ್ಲ ಮನೆಗೆ ಬಂದು ಶುಭಾಶಯ ಹೇಳಿದರು. ತನಗೆ ಒಂದು ಷೇರೂ ಬಂದಿಲ್ಲ, ಅರ್ಜಿಯನ್ನೇ ಹಾಕಿಲ್ಲ ಎಂದು ಕೊಟ್ಟೂರೇಶ್ ಆಣೆ ಮಾಡಿ ಹೇಳಿದ. ಯಾರೂ ನಂಬಲಿಲ್ಲ. ದುಡ್ಡು ಬಂದವರು ಹೇಳುವುದೇ ಹೀಗೆ ಎಂದರು ವಾಮದೇವಪ್ಪ. ರೂಪಶ್ರೀ ಕೂಡ ಗಂಡನನ್ನು ಒಂದು ಥರ ನೋಡಿ, ಇಷ್ಟು ಜಿಪುಣತನ ಒಳ್ಳೆಯದಲ್ಲ ಎಂದಳು. ಕಡೆಗೆ ಅವನ ಖರ್ಚಿನಲ್ಲಿ ಹದಿಮೂರು ಜನ ಪಿ.ಜೆ. ಬಡಾವಣೆಯ ಹೋಟೆಲಿನಲ್ಲಿ ಬೆಣ್ಣೆದೋಸೆ ತಿಂದರು. ವಾಮದೇವಪ್ಪನವರೊಬ್ಬರೇ ನಾಲ್ಕು ತಿಂದರು. ಬಿಲ್ಲು ಸಾವಿರದ ಒಂಬೈನೂರಾಯಿತು.

ಕೈ ತೊಳೆಯುವಲ್ಲಿ ವಾಮದೇವಪ್ಪ ಅವನ ಕಿವಿಯ ಹತ್ತಿರ ಬಂದರು.

"ಒಂದ್ ಮಾತು, ನಿಮ್ಮಲ್ಲೇ ಇರ್ಲಿ. ಅವತ್ತು ನೀವು ಹೇಳಿದ್ ಮ್ಯಾಲೆ ನಾನೂ ಮೊಬೈಲ್‌ನಾಗೆ ಒಂದ್ ಅರ್ಜಿ ಒತ್ತಿದ್ದೆ. ಮಗಳು ಖಾತೆ ಮಾಡ್ಕೊಟ್ಟು ಎರಡು ವರ್ಷ ಆತು. ಷೇರು ಬಂದ್ವು. ಮಾರಿಬಿಟ್ಟೆ."

ನೀರಿನ ನಲ್ಲಿ ತಿರುಗಿಸುವುದನ್ನು ಕೊಟ್ಟೂರೇಶ್ ಮರೆತ. "ಮತ್ತೆ ಯಾರಿಗೂ ಹೇಳ್ಲೇ ಇಲ್ವಲ್ರಿ?"

ವಾಮದೇವಪ್ಪ ಹಿಂದಕ್ಕೊಮ್ಮೆ ನೋಡಿ ದನಿ ಇನ್ನೂ ತಗ್ಗಿಸಿದರು.

"ಹೇಳಿದ್ರೆ ಇಷ್ಟೂ ಮಂದಿಗೆ ನಾನು ದೋಸಿ ಕೊಡಿಸ್ಬೇಕಾಗ್ತಿತ್ತಲ್ರಿ."